ಕ್ವಿಜ್ ಚಾಂಪಿಯನ್‌ಗಳ ತಲೆಯಲ್ಲಿ ಕ್ಯಾಮೆರಾ ಇದೆಯೇ? ವೈರಲ್ ವಿಡಿಯೊದ ಅಸಲಿ ಕಥೆ

ಸುದ್ದಗುಂಟೆಪಾಳ್ಯದಲ್ಲಿ ನಾವು ಕೆಲಸ ಮಾಡುವ ರಸ್ತೆಯಲ್ಲೇ ಒಂದು ಜೆರಾಕ್ಸ್ ಅಂಗಡಿ ಇದೆ. ಕಾಲೇಜು ಹುಡುಗರ ನೋಟ್ಸ್, ಪ್ರಾಜೆಕ್ಟ್ ರಿಪೋರ್ಟ್‌ಗಳ ಸ್ಪೈರಲ್ ಬೈಂಡಿಂಗ್ ಅಲ್ಲಿನ ಮುಖ್ಯ ವ್ಯಾಪಾರ. ಕಳೆದ ತಿಂಗಳು ಅಂಗಡಿಯ ಅಣ್ಣ ತಮ್ಮ ಫೋನನ್ನೇ ನಮ್ಮ ಕೈಗೆ ಕೊಟ್ಟು, "ನಿಜಾನಾ ಸುಳ್ಳಾ ಅಂತ ಚೆಕ್ ಮಾಡೋರು ನೀವೇ ತಾನೆ? ಇದೊಂದು ನೋಡಿ ಹೇಳಿ" ಎಂದರು.

ಎರಡು ನಿಮಿಷದ ವಿಡಿಯೊ. ಯಾವುದೋ ಇಂಗ್ಲಿಷ್ ಟಿವಿ ಕ್ವಿಜ್ ವೇದಿಕೆ, ಮೂರು ಮೂರು ಜನರ ತಂಡಗಳು, ಪ್ರಶ್ನೆ ಮುಗಿಯುವುದೇ ತಡ ಉತ್ತರ. ಅದರ ಮೇಲೆ ಕನ್ನಡದಲ್ಲಿ ದನಿ: "ಈ 18 ಚಾಂಪಿಯನ್‌ಗಳ ಮಿದುಳು ಕ್ಯಾಮೆರಾ ಇದ್ದಂತೆ. ಒಮ್ಮೆ ನೋಡಿದ್ದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಮಿಡ್‌ಬ್ರೈನ್ ಆಕ್ಟಿವೇಶನ್ ಮಾಡಿಸಿದರೆ ನಿಮ್ಮ ಮಗುವಿಗೂ ಇದು ಸಾಧ್ಯ. ಎರಡೇ ದಿನದ ಶಿಬಿರ. ಸಾವಿರಾರು ಪೋಷಕರು ಒಪ್ಪಿದ್ದಾರೆ." ಕೊನೆಗೆ ಒಂದು ಫೋನ್ ನಂಬರ್.

ಅಣ್ಣನ ಮಗಳು ಆರನೇ ಕ್ಲಾಸು. ಸಮಾಜ ವಿಜ್ಞಾನದಲ್ಲಿ ಅಂಕ ಇಳಿದಿದೆ. ಶಿಬಿರದ ಫೀಸು ಅಂಗಡಿಯ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ಮುಂಗಡ ಆಗಲೇ ಕೊಟ್ಟಾಗಿತ್ತು, ಉಳಿದದ್ದನ್ನು ಭಾನುವಾರ ಕಟ್ಟಬೇಕಿತ್ತು.

ಮೊದಲೇ ಹೇಳಿಬಿಡುತ್ತೇವೆ: ವಿಡಿಯೊದ ದೃಶ್ಯ ಅಸಲಿ. ಅದರ ಮೇಲೆ ಕೂರಿಸಿದ ಮಾತು ಸುಳ್ಳು. ಇನ್ನೊಂದು ತಮಾಷೆ ಏನೆಂದರೆ, ಆ ಸ್ಪರ್ಧೆ ಏನೆಂದು ಪೂರ್ತಿ ತಿಳಿದುಕೊಂಡರೆ ಸಂದೇಶ ಹೇಳುವುದಕ್ಕೆ ತದ್ವಿರುದ್ಧವಾದ ವಿಷಯವೇ ಅದರಲ್ಲಿ ಸಿಗುತ್ತದೆ.

ವಿಡಿಯೊದಲ್ಲಿ ಇರುವುದು ಏನು?

ಅದು ಅಮೆರಿಕದ 'ಜೆಪರ್ಡಿ' ಎಂಬ ಕ್ವಿಜ್ ಕಾರ್ಯಕ್ರಮ. 1964ರಲ್ಲಿ ಶುರುವಾದದ್ದು. ಅಲ್ಲಿ ಎಲ್ಲವೂ ಉಲ್ಟಾ. ಬೋರ್ಡಿನ ಮೇಲೆ ಉತ್ತರದಂಥ ಸುಳಿವು ಬರುತ್ತದೆ, ಸ್ಪರ್ಧಿ ಅದನ್ನು ಪ್ರಶ್ನೆಯ ರೂಪದಲ್ಲಿ ಹೇಳಬೇಕು. ನಮ್ಮ ಕಡೆಯ ಉದಾಹರಣೆ ಹೇಳುವುದಾದರೆ, "1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು" ಎಂದು ಬೋರ್ಡ್ ಹೇಳಿದರೆ, "ಶಿವನಸಮುದ್ರ ಯಾವುದು?" ಎಂದು ಕೇಳಬೇಕು.

ಸಾಮಾನ್ಯವಾಗಿ ಇಲ್ಲಿ ಒಬ್ಬೊಬ್ಬರೇ ಆಡುತ್ತಾರೆ. ಆದರೆ 2019ರ ಫೆಬ್ರವರಿ 20ರಿಂದ ಮಾರ್ಚ್ 5ರವರೆಗೆ ಹಳೆಯ ಚಾಂಪಿಯನ್‌ಗಳನ್ನೇ ಮತ್ತೆ ಕರೆಸಿ 'ಆಲ್ ಸ್ಟಾರ್ ಗೇಮ್ಸ್' ಎಂಬ ತಂಡಗಳ ಪಂದ್ಯಾವಳಿ ನಡೆಸಿದರು. 18 ಜನ, ಆರು ತಂಡ. ಆರು ನಾಯಕರು ಐಪಿಎಲ್ ಹರಾಜಿನ ಹಾಗೆ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಂಡರು, ಹಣ ಕೂಗಲಿಲ್ಲ ಅಷ್ಟೆ. ಪ್ರತಿ ಆಟದಲ್ಲಿ ಮೂರು ಸುತ್ತು, ತಂಡದ ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಮೊದಲ ಬಹುಮಾನ 10 ಲಕ್ಷ ಡಾಲರ್. ಗೆದ್ದದ್ದು ಬ್ರ್ಯಾಡ್ ರಟ್ಟರ್, ಲಾರಿಸಾ ಕೆಲ್ಲಿ, ಡೇವಿಡ್ ಮ್ಯಾಡನ್ ಇದ್ದ ತಂಡ. 2004ರಲ್ಲಿ ಸತತ 74 ಆಟ ಗೆದ್ದು ದಾಖಲೆ ಬರೆದ ಕೆನ್ ಜೆನ್ನಿಂಗ್ಸ್ ನಾಯಕನಾಗಿದ್ದ ತಂಡ ಎರಡನೇ ಸ್ಥಾನದಲ್ಲಿ ನಿಂತಿತು.

ಈಗ ಸಂದೇಶದ ಮಾತನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. 18 ಜನರ ತಲೆಯಲ್ಲೂ ಕ್ಯಾಮೆರಾ ಇದ್ದರೆ ಸೋಲುವವರು ಯಾರು? ತಂಡವಾದರೂ ಯಾಕೆ ಬೇಕು? ನಾಯಕರು ಆಟಗಾರರನ್ನು ತೂಗಿ ನೋಡಿ ಆರಿಸಿಕೊಂಡರು, ಏಕೆಂದರೆ ಒಬ್ಬರಿಗೆ ಒಲಿದದ್ದು ಇನ್ನೊಬ್ಬರಿಗೆ ಒಲಿದಿರುವುದಿಲ್ಲ. ಚಾಂಪಿಯನ್‌ಗಳ ಜ್ಞಾನವೂ ನಮ್ಮ ನಿಮ್ಮದರಂತೆ ತೇಪೆ ತೇಪೆಯಾಗಿಯೇ ಇರುತ್ತದೆ. ಅವರ ತೇಪೆಗಳು ದೊಡ್ಡವು, ಮತ್ತು ಎಲ್ಲಿ ತೂತಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಅಂದ ಹಾಗೆ, ಓದಿಸಿದ್ದನ್ನೆಲ್ಲ ಹಾಗೆಯೇ ಉಳಿಸಿಕೊಂಡ ಒಬ್ಬ ಸ್ಪರ್ಧಿ ಜೆಪರ್ಡಿಗೆ ಬಂದದ್ದುಂಟು. 2011ರಲ್ಲಿ ಬಂದ ಐಬಿಎಂ ಕಂಪನಿಯ 'ವಾಟ್ಸನ್' ಎಂಬ ಕಂಪ್ಯೂಟರ್. ಜೆನ್ನಿಂಗ್ಸ್, ರಟ್ಟರ್ ಇಬ್ಬರನ್ನೂ ಅದು ಸೋಲಿಸಿತು. ಆದರೂ 'ಅಮೆರಿಕದ ನಗರಗಳು' ಎಂಬ ವಿಭಾಗದಲ್ಲಿ ಕೆನಡಾದ ಟೊರೊಂಟೊ ಎಂದು ಉತ್ತರಿಸಿ ನಗೆಪಾಟಲಾಯಿತು!

ಅರ್ಧ ಆಟ ಬೆರಳಿನದು

ವಿಡಿಯೊ ನೋಡಿದಾಗ ಬೆರಗಾಗುವುದು ಆ ವೇಗಕ್ಕೆ. ಅದರಲ್ಲಿ ನೆನಪಿನ ಪಾಲು ಎಷ್ಟು, ಬೆರಳಿನ ಪಾಲು ಎಷ್ಟು ಎಂಬುದು ಟಿವಿಯಲ್ಲಿ ಕಾಣುವುದಿಲ್ಲ.

ಜೆಪರ್ಡಿಯಲ್ಲಿ ನಿರೂಪಕ ಸುಳಿವನ್ನು ಪೂರ್ತಿ ಓದಿ ಮುಗಿಸುವವರೆಗೆ ಬಜರ್ ಕೆಲಸ ಮಾಡುವುದಿಲ್ಲ. ಓದಿ ಮುಗಿದ ಕೂಡಲೇ ಸಿಬ್ಬಂದಿಯೊಬ್ಬರು ಸ್ವಿಚ್ ಒತ್ತುತ್ತಾರೆ, ಬೋರ್ಡಿನ ಪಕ್ಕದ ದೀಪ ಹೊತ್ತುತ್ತದೆ, ಆಮೇಲೆ ಒತ್ತಬೇಕು. ಆತುರಪಟ್ಟು ಮೊದಲೇ ಒತ್ತಿದವರ ಬಜರ್ ಕಾಲು ಸೆಕೆಂಡ್ ಲಾಕ್ ಆಗುತ್ತದೆ. ಕಾಲು ಸೆಕೆಂಡ್ ಎಂದರೆ ಏನು ಮಹಾ ಎನ್ನಬೇಡಿ. ದೀಪ ಕಂಡು ಬೆರಳು ಒತ್ತಲು ಮನುಷ್ಯರಿಗೆ ಬೇಕಾಗುವ ಸಮಯವೇ ಸುಮಾರು ಅಷ್ಟು. ಹಾಗಾಗಿ ಪಳಗಿದವರು ನಿರೂಪಕರ ದನಿಯ ಏರಿಳಿತ ಹಿಡಿದು, ಕೊನೆಯ ಪದ ಮುಗಿಯುವ ಕ್ಷಣವನ್ನು ಮೊದಲೇ ಊಹಿಸಿ ಒತ್ತುವುದನ್ನು ಅಭ್ಯಾಸ ಮಾಡುತ್ತಾರೆ. ಮೂವರಿಗೂ ಉತ್ತರ ಗೊತ್ತಿದ್ದಾಗ ಒಬ್ಬರೇ ಬುದ್ಧಿವಂತರಂತೆ ಕಾಣುತ್ತಾರೆ. ಉಳಿದ ಇಬ್ಬರೂ ಬಜರ್ ಒತ್ತುತ್ತಲೇ ಇದ್ದರು ಎಂಬುದು ನಮಗೆ ಕಾಣುವುದಿಲ್ಲ.

ಹಾಗಾದರೆ ಇಷ್ಟೆಲ್ಲ ನೆನಪಿರುವುದು ಹೇಗೆ?

ನೆನಪಿನ ಶಕ್ತಿಯಲ್ಲಿ ಜನರ ನಡುವೆ ಹೆಚ್ಚುಕಡಿಮೆ ಇಲ್ಲ ಎಂದು ನಾವು ಹೇಳುತ್ತಿಲ್ಲ, ಖಂಡಿತ ಇದೆ. ಆದರೆ 'ಫೋಟೋಗ್ರಾಫಿಕ್ ಮೆಮೊರಿ' ಎಂದು ಜನ ಕರೆಯುವ, ಪುಟವನ್ನು ಫೋಟೊ ತೆಗೆದಂತೆ ಇಟ್ಟುಕೊಳ್ಳುವ ಶಕ್ತಿಗೆ ವಿಜ್ಞಾನದಲ್ಲಿ ಗಟ್ಟಿ ಪುರಾವೆ ಇಲ್ಲ. ಕೆಲವು ಚಿಕ್ಕ ಮಕ್ಕಳು ಚಿತ್ರವನ್ನು ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಕಣ್ಣೆದುರೇ ಇದ್ದಂತೆ ವರ್ಣಿಸುತ್ತಾರೆ. ಆ ವರ್ಣನೆಯಲ್ಲೂ ತಪ್ಪುಗಳಿರುತ್ತವೆ. ದೊಡ್ಡವರಲ್ಲಂತೂ ಅದು ಕಾಣುವುದೇ ಇಲ್ಲ ಎನ್ನಬಹುದು.

1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಸಂಶೋಧಕರು ಚೆಸ್ ಆಟಗಾರರ ಮೇಲೆ ನಡೆಸಿದ ಅಧ್ಯಯನ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಿಜವಾದ ಆಟವೊಂದರ ಮಧ್ಯದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ, ನುರಿತ ಆಟಗಾರ ಕಾಯಿಗಳನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಮತ್ತೆ ಜೋಡಿಸಿದ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟು ತೋರಿಸಿದಾಗ ಅವನೂ ಹೊಸಬನಂತೆಯೇ ತಡವರಿಸಿದ. ತಲೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಎರಡೂ ಚಿತ್ರ ಒಂದೇ ತಾನೆ? ಅವನಲ್ಲಿ ಇದ್ದದ್ದು ಸಾವಿರಾರು ಆಟಗಳಿಂದ ಬಂದ ಪರಿಚಯ. ಹೊಸ ಮಾಹಿತಿ ತಗುಲಿ ನಿಲ್ಲಲು ಒಳಗೆ ಆಗಲೇ ಕೊಕ್ಕೆಗಳಿದ್ದವು. ಕದಂಬರು ಯಾರೆಂದು ಗೊತ್ತಿದ್ದವರಿಗೆ ಬನವಾಸಿ, ಹಲ್ಮಿಡಿ ಶಾಸನ ಸಲೀಸಾಗಿ ನೆನಪಿರುತ್ತವೆ. ಗೊತ್ತಿಲ್ಲದವರಿಗೆ ಅವು ಬರೀ ಹೆಸರುಗಳು.

ಚಾಂಪಿಯನ್‌ಗಳೇ ತಮ್ಮ ತಯಾರಿಯ ಬಗ್ಗೆ ಹೇಳಿಕೊಂಡಿದ್ದನ್ನು ನೋಡಿದರೆ ಗುಟ್ಟೇನೂ ಉಳಿಯುವುದಿಲ್ಲ. 2010ರಲ್ಲಿ ಒಂದೇ ದಿನ 77,000 ಡಾಲರ್ ಗೆದ್ದು ಆಗಿನ ದಾಖಲೆ ಮಾಡಿದ ರೋಜರ್ ಕ್ರೇಗ್, ಹಳೆಯ ಪ್ರಶ್ನೆಗಳ ರಾಶಿಯನ್ನು ಕಂಪ್ಯೂಟರಿನಲ್ಲಿ ವಿಂಗಡಿಸಿ ಯಾವ ವಿಷಯ ಪದೇ ಪದೇ ಬರುತ್ತದೆ, ತಾನು ಎಲ್ಲಿ ಹಿಂದಿದ್ದೇನೆ ಎಂದು ಪತ್ತೆ ಮಾಡಿದರು. ಆಮೇಲೆ 'ಆಂಕಿ' ಎಂಬ ಸಾಫ್ಟ್‌ವೇರ್ ಹಿಡಿದು ಅದನ್ನೇ ದಿನಬಿಟ್ಟು ದಿನ ತಮಗೆ ತಾವೇ ಕೇಳಿಕೊಂಡರು. 2019ರಲ್ಲಿ 32 ಆಟ ಗೆದ್ದ ಜೇಮ್ಸ್ ಹೋಲ್ಟ್ಸ್‌ಹೌವರ್ ಓದಿದ್ದು ಲೈಬ್ರರಿಯ ಮಕ್ಕಳ ವಿಭಾಗದ ಪುಸ್ತಕಗಳನ್ನು. ಚಿತ್ರ ಇರುತ್ತದೆ, ವಿಷಯ ಸರಳವಾಗಿರುತ್ತದೆ, ಬೇಸರ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಕ್ರೇಗ್ ಮಾಡಿದ್ದಕ್ಕೆ ವಿಜ್ಞಾನದ ಬೆಂಬಲವೂ ಇದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಿಬಿದ್ದಿತ್ತು: ಎರಡು ಸಲ ಓದಿದವರಲ್ಲಿ ಉಳಿದದ್ದು ಶೇ 42ರಷ್ಟು, ಮುಚ್ಚಿಟ್ಟು ನೆನಪಿಸಿಕೊಂಡವರಲ್ಲಿ ಶೇ 56ರಷ್ಟು. ನಾವೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಗೈಡನ್ನು ಮತ್ತೆ ಮತ್ತೆ ಓದಿ 'ಎಲ್ಲಾ ಬಂತು' ಎಂದುಕೊಂಡು ಮಲಗಿದ್ದು ನೆನಪಾಯಿತು.

ಇದಕ್ಕೆ ಶಿಬಿರ ಬೇಕಿಲ್ಲ. ದೂರದರ್ಶನ ಚಂದನದಲ್ಲಿ 'ಥಟ್ ಅಂತ ಹೇಳಿ' 2002ರ ಜನವರಿಯಲ್ಲಿ ಶುರುವಾಯಿತು, ಸಾವಿರಾರು ಕಂತು ದಾಟಿತು. ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಪ್ರಶ್ನೆ ಕೇಳುತ್ತಾರೆ, ಬಹುಮಾನ ಪುಸ್ತಕ. ಅದನ್ನು ನೋಡುವಾಗ ಸ್ಪರ್ಧಿಗಿಂತ ಮೊದಲು ಉತ್ತರ ಕೂಗುವ ಅಜ್ಜನೋ ಅತ್ತೆಯೋ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅವರು ಮಾಡುತ್ತಿದ್ದದ್ದು ಅಮೆರಿಕದ ಆ ವಿದ್ಯಾರ್ಥಿಗಳು ಮಾಡಿದ್ದನ್ನೇ. ತಂಡದ ಆಟ ಬೇಕೆಂದರೆ ಬೆಂಗಳೂರಿನಲ್ಲೇ 1983ರಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇದೆ. ಅಂಥ ಕ್ವಿಜ್‌ಗಳಲ್ಲಿ ತಂಡದವರು ತಲೆಗೆ ತಲೆ ಹಚ್ಚಿ ಪಿಸುಗುಟ್ಟುವುದನ್ನು ಒಮ್ಮೆ ನೋಡಬೇಕು. ಒಬ್ಬರಿಗೆ ಅರ್ಧ ಗೊತ್ತು, ಇನ್ನೊಬ್ಬರಿಗೆ ಉಳಿದರ್ಧ. ಯಾರಿಗೂ ಗೊತ್ತಿಲ್ಲವೆಂದಾದರೆ ಪ್ರಶ್ನೆ ಮುಂದಿನ ತಂಡಕ್ಕೆ ಹೋಗುತ್ತದೆ.

ಮಿಡ್‌ಬ್ರೈನ್ ಎಂದರೆ?

ಮಿದುಳಿನ ಬುಡದಲ್ಲಿರುವ ಒಂದು ಚಿಕ್ಕ ಭಾಗ. ಕಣ್ಣಿನ ಚಲನೆ, ಪಾಪೆ ಹಿಗ್ಗುವುದು ಕುಗ್ಗುವುದು, ಸದ್ದು ಬಂದ ಕಡೆ ತಿರುಗುವುದು, ಎಚ್ಚರವಾಗಿರುವುದು, ಇಂಥವುಗಳಲ್ಲಿ ಅದಕ್ಕೆ ಪಾತ್ರವಿದೆ. ನಿಮ್ಮ ಮಗು ಎದ್ದು ಓಡಾಡುತ್ತಿದ್ದರೆ ಅದು ಆಗಲೇ 'ಆಕ್ಟಿವೇಟ್' ಆಗಿದೆ. ಅದನ್ನು ಎರಡು ದಿನದಲ್ಲಿ ಸಂಗೀತ ಕೇಳಿಸಿ ಹೊಸದಾಗಿ ಚಾಲೂ ಮಾಡಿದರೆ ನೆನಪು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇಂಥ ಶಿಬಿರಗಳ ಕೊನೆಯಲ್ಲಿ ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುವ, ಬಣ್ಣ ಹೇಳುವ ಪ್ರದರ್ಶನ ಇರುತ್ತದೆ. ಮಂಗಳೂರಿನ ವಿಚಾರವಾದಿ ಪ್ರೊ. ನರೇಂದ್ರ ನಾಯಕ್ ಇದರ ಬಂಡವಾಳವನ್ನು ಬಹಳ ಹಿಂದೆಯೇ ಬಯಲು ಮಾಡಿದ್ದಾರೆ. ಪಟ್ಟಿಗೂ ಮೂಗಿಗೂ ನಡುವೆ ಉಳಿಯುವ ಸಂದಿಯಿಂದ ಕೆಳಗೆ ನೋಡಬಹುದು, ಅಷ್ಟೇ ವಿದ್ಯೆ. ನೀವೇ ಪರೀಕ್ಷಿಸಬಹುದು. ಪುಸ್ತಕವನ್ನು ಮಗುವಿನ ಎದೆಯ ಮಟ್ಟದಲ್ಲಿ ಹಿಡಿಯಬೇಡಿ, ಹಣೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಓದು ಅಲ್ಲೇ ನಿಲ್ಲುತ್ತದೆ. ಮಗುವನ್ನು ಬೈಯಬೇಡಿ. ದೊಡ್ಡವರೆಲ್ಲ ಚಪ್ಪಾಳೆ ತಟ್ಟುವಾಗ 'ನಾನು ಇಣುಕಿದೆ' ಎಂದು ಹೇಳುವುದು ಹನ್ನೊಂದು ವರ್ಷದ ಮಗುವಿಗೆ ಸುಲಭವಲ್ಲ.

'ಸಾವಿರಾರು ಪೋಷಕರು' ಮತ್ತು ಆಡಿಯನ್ಸ್ ಪೋಲ್

ಅಣ್ಣ ಕೊನೆಗೆ ಹಿಡಿದದ್ದು ಈ ಎಳೆಯನ್ನು: "ಅಷ್ಟೊಂದು ಜನ ಕಳ್ಸಿದಾರೆ, ಎಲ್ರೂ ದಡ್ಡರಾ?" ನ್ಯಾಯವಾದ ಪ್ರಶ್ನೆ. ಉತ್ತರವೂ ಕ್ವಿಜ್‌ನಲ್ಲೇ ಇದೆ.

2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' ಯಾರು ಮರೆತಿದ್ದಾರೆ? ಅದೇ ಮಾದರಿಯ ಅಮೆರಿಕದ ಕಾರ್ಯಕ್ರಮದ ಅಂಕಿಅಂಶವನ್ನು ಜೇಮ್ಸ್ ಸುರೊವೀಕಿ ಎಂಬ ಪತ್ರಕರ್ತ 2004ರ ತಮ್ಮ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಫೋನ್ ಮಾಡಿದ ಗೆಳೆಯರ ಉತ್ತರ ಸರಿಯಾದದ್ದು ಸುಮಾರು ಶೇ 65 ಸಲ, ಪ್ರೇಕ್ಷಕರ ಬಹುಮತ ಸರಿಯಾದದ್ದು ಶೇ 91 ಸಲ. (ಎರಡಕ್ಕೂ ಕೇಳಿದ್ದು ಒಂದೇ ಪ್ರಶ್ನೆಯಲ್ಲ, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಲ್ಲ.) ಪ್ರೇಕ್ಷಕರು ಹೇಗೆ ಗೆಲ್ಲುತ್ತಾರೆ? 100 ಜನರಲ್ಲಿ 20 ಜನರಿಗೆ ಮಾತ್ರ ಉತ್ತರ ಗೊತ್ತು ಎಂದುಕೊಳ್ಳಿ. ಉಳಿದ 80 ಜನ ಕಣ್ಣುಮುಚ್ಚಿ ಒತ್ತಿದರೆ ನಾಲ್ಕು ಆಯ್ಕೆಗೂ 20 ಓಟು ಹಂಚಿಹೋಗುತ್ತದೆ. ಸರಿಯುತ್ತರಕ್ಕೆ 40, ಮಿಕ್ಕ ಮೂರಕ್ಕೆ ತಲಾ 20.

ಇದು ನಡೆಯುವುದು ಪ್ರತಿಯೊಬ್ಬರೂ ಪಕ್ಕದವರನ್ನು ನೋಡದೆ ತಮ್ಮ ಪಾಡಿಗೆ ಒತ್ತಿದಾಗ ಮಾತ್ರ. ಮೊದಲ ಸಾಲಿನವರು ಗಟ್ಟಿಯಾಗಿ "ಬಿ, ಬಿ" ಎಂದು ಕೂಗಿ ಉಳಿದವರು ಅದನ್ನೇ ಒತ್ತಿದರೆ 100 ಓಟು ಬಿದ್ದರೂ ಅದು ಒಬ್ಬರ ಓಟು. ಅಣ್ಣನ ಫೋನಿನಲ್ಲಿ ಆ ವಿಡಿಯೊ ಮೂರು ಗುಂಪುಗಳಲ್ಲಿತ್ತು. ಮೂರರಲ್ಲೂ ಅದೇ ಅಕ್ಷರ, ಅದೇ ಕಾಗುಣಿತ ತಪ್ಪು, ಅದೇ ಫೋನ್ ನಂಬರ್. ಕಳಿಸಿದವರನ್ನು ಅಣ್ಣ ನಮ್ಮೆದುರೇ ವಿಚಾರಿಸಿದರು. ಒಬ್ಬರ ಮಗುವೂ ಶಿಬಿರಕ್ಕೆ ಹೋಗಿರಲಿಲ್ಲ. "ಬಂತು, ಕಳಿಸ್ದೆ" ಎಂದರು ಒಬ್ಬರು.

ಉಳಿದ ಫೀಸನ್ನು ಅಣ್ಣ ಕಟ್ಟಲಿಲ್ಲ. ಮುಂಗಡ ಇನ್ನೂ ವಾಪಸ್ ಬಂದಿಲ್ಲ, ಫೋನ್ ಎತ್ತುತ್ತಿಲ್ಲವಂತೆ. ಈಗ ಸಂಜೆ ಅಂಗಡಿಗೆ ಹೋದರೆ ಮಗಳು ವೇಸ್ಟ್ ಪೇಪರಿನ ಹಿಂಬದಿಯಲ್ಲಿ ಪ್ರಶ್ನೆ ಬರೆದುಕೊಂಡು ಕೂತಿರುತ್ತಾಳೆ. ಜೆರಾಕ್ಸ್‌ಗೆ ಬಂದ ಕಾಲೇಜು ಹುಡುಗರಿಗೂ ಬಿಡುವುದಿಲ್ಲ. ನಿನ್ನೆ ನಮ್ಮನ್ನು ಹಿಡಿದು ಕೇಳಿದ್ದು, ಹಲ್ಮಿಡಿ ಯಾವ ಜಿಲ್ಲೆಯಲ್ಲಿದೆ ಎಂದು. ಚಿಕ್ಕಮಗಳೂರು ಎಂದೆವು. "ಹಾಸನ!" ಎಂದು ಕೂಗಿ, ಹಾಳೆಯಲ್ಲಿ ನಮ್ಮ ಹೆಸರಿನ ಮುಂದೆ ಸೊನ್ನೆ ಬರೆದಳು.