ಕಾವಲಿಗೆ ಸಸಿ ಬೇಡ

ಕುರಿ ಮೇದ ಹುಲ್ಲು ಮತ್ತೆ ಚಿಗುರುತ್ತದೆ. ಮೇಕೆ ಕುಡಿ ಕಡಿದ ಎಳೆಯ ಸಸಿ ಅಷ್ಟು ಸುಲಭವಾಗಿ ಚೇತರಿಸಿಕೊಳ್ಳುವುದಿಲ್ಲ. ಸಸಿ ಬೆಳೆಯುವುದು ತುದಿಯಿಂದ, ಹುಲ್ಲು ಬೆಳೆಯುವುದು ಬುಡದಿಂದ. ಎಸಳನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವ ಜೀವಕೋಶಗಳು ಮಣ್ಣಿನ ಮಟ್ಟದಲ್ಲೋ ಅದಕ್ಕೂ ಕೆಳಗೋ ಇರುತ್ತವೆ, ಹಾಗಾಗಿ ದನದ ಹಲ್ಲಿಗೂ ಕಾಡುಗಿಚ್ಚಿಗೂ ಅವು ಸಿಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಕಡೆಯ ಕಾವಲನ್ನು, ಅಂದರೆ ಹುಲ್ಲುಗಾವಲನ್ನು, ನೋಡಿದವರು ಅದನ್ನು ಸತ್ತ ನೆಲವೆಂದೇ ತಿಳಿಯುತ್ತಾರೆ. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ನೆಲದಡಿ ಕಾದಿದ್ದ ಹಳೆಯ ಬುಡಗಳು ಚಿಗುರುತ್ತವೆ, ಉದುರಿದ್ದ ಬೀಜಗಳು ಮೊಳೆಯುತ್ತವೆ, ಕಾವಲು ಹಸಿರಾಗುತ್ತದೆ.

ಅದೇ ಮುಂಗಾರಿನಲ್ಲಿ ನಾವು ಹಾರೆ, ಪಿಕಾಸಿ, ಜೆಸಿಬಿ ತೆಗೆದುಕೊಂಡು ಆ ಬಯಲಿಗೆ ಸಸಿ ನೆಡಲು ಹೋಗುತ್ತೇವೆ. ಮನಸ್ಸು ಒಳ್ಳೆಯದೇ, ಆದರೆ ಕೆಲಸ ತಪ್ಪು. ಯಾಕೆ ತಪ್ಪು ಎಂಬುದು ತಿಳಿಯಬೇಕಾದರೆ ಹುಲ್ಲಿನ ಎಲೆಯೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಎಲ್ಲ ಗಿಡಗಳಿಗೂ ಒಂದು ಇಕ್ಕಟ್ಟಿದೆ. ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳಲು ಎಲೆಯ ಸೂಕ್ಷ್ಮ ರಂಧ್ರಗಳು ತೆರೆಯಬೇಕು, ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಬಿಸಿಲು ಏರಿದಾಗ ಇನ್ನೊಂದು ತೊಂದರೆ. ಇಂಗಾಲವನ್ನು ಹಿಡಿಯಬೇಕಾದ ರುಬಿಸ್ಕೊ ಎಂಬ ಕಿಣ್ವವು ಅದರ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಗಿಡದ ಶಕ್ತಿ ವ್ಯರ್ಥವಾಗುತ್ತದೆ. ಬಯಲುಸೀಮೆಯ ಹುಲ್ಲುಗಳಲ್ಲಿ ಬಹುಪಾಲು ಈ ತೊಂದರೆಗೆ ಪರಿಹಾರ ಕಂಡುಕೊಂಡ ಸಿ-4 ಎಂಬ ಗುಂಪಿನವು. ನಾವು ಉಣ್ಣುವ ರಾಗಿ, ಜೋಳ, ಸಜ್ಜೆಯೂ ಅದೇ ಗುಂಪಿನವೇ. ಇವುಗಳ ಎಲೆಯಲ್ಲಿ ಹೊರಗಿನ ಕೋಶಗಳು ಮೊದಲು ಇಂಗಾಲವನ್ನು ಹಿಡಿದು, ನಾಲ್ಕು ಇಂಗಾಲದ ಪರಮಾಣುಗಳಿರುವ ಆಮ್ಲವಾಗಿ ಒಳಗಿನ ಕೋಶಗಳಿಗೆ ಸಾಗಿಸುತ್ತವೆ. ಒಳಗೆ ಇಂಗಾಲದ ಡೈಆಕ್ಸೈಡ್ ದಟ್ಟವಾಗಿ ತುಂಬಿಕೊಳ್ಳುವುದರಿಂದ ರುಬಿಸ್ಕೊ ಎಡವುವುದು ತೀರಾ ಕಡಿಮೆ. ರಂಧ್ರಗಳನ್ನು ಅರೆಬರೆ ಮುಚ್ಚಿಕೊಂಡೇ ಕೆಲಸ ಸಾಗುತ್ತದೆ, ನೀರು ಉಳಿಯುತ್ತದೆ.

ಆದರೆ ಈ ಸಾಗಣೆಗೆ ಹೆಚ್ಚಿನ ಶಕ್ತಿ ಬೇಕು, ಆ ಶಕ್ತಿ ಬರುವುದು ಬಿಸಿಲಿನಿಂದ. ಬಿಸಿಲೇ ಈ ಹುಲ್ಲಿನ ಬಂಡವಾಳ. ಮೇಲೆ ಮರ ನಿಂತು ನೆರಳು ಬಿದ್ದರೆ ಅದು ಸೊರಗುತ್ತದೆ. ಸುಡುವ ಬಯಲಿನಲ್ಲಿ ನೆರಳು ಕೊಡುವುದು ಪುಣ್ಯದ ಕೆಲಸವೆಂದು ನಂಬಿಕೊಂಡು ಬಂದ ನಮಗೆ ಇದನ್ನು ಒಪ್ಪುವುದು ಕಷ್ಟ. ದಾರಿಹೋಕನಿಗೆ ಸಾಲುಮರ ಬೇಕು, ನಿಜ. ಕಾವಲಿನ ಹುಲ್ಲಿಗೆ ಮಾತ್ರ ನೆರಳೇ ಕಂಟಕ.

ಇಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತು, ಮನುಷ್ಯ ಕಡಿದು ಬಯಲು ಮಾಡಿದ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೆಲವು ಕಡೆ ಹಾಗೆ ಆಗಿರುವುದುಂಟು. ಆದರೆ ಹುಲ್ಲುಬಯಲೆಲ್ಲ ಹಾಳಾದ ಕಾಡಲ್ಲ. ಸಿ-4 ಹುಲ್ಲು ಇಂಗಾಲವನ್ನು ಹಿಡಿಯುವ ರೀತಿ ಬೇರೆಯಾದ್ದರಿಂದ ಅದರಲ್ಲಿ ಇಂಗಾಲದ ಹಗುರ ಮತ್ತು ಭಾರದ ಐಸೊಟೋಪುಗಳ ಪ್ರಮಾಣವೂ ಬೇರೆ. ಆ ಗುರುತು ಹುಲ್ಲು ಬೆಳೆದ ಮಣ್ಣಿನಲ್ಲಿ, ಹುಲ್ಲು ತಿಂದ ಪ್ರಾಣಿಯ ಹಲ್ಲಿನಲ್ಲಿ ಉಳಿಯುತ್ತದೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳಲ್ಲಿ ಈ ಗುರುತನ್ನು ಓದಿದ ವಿಜ್ಞಾನಿಗಳು ಈ ಉಪಖಂಡದಲ್ಲಿ ಅಂಥ ಹುಲ್ಲುಬಯಲು ಹರಡತೊಡಗಿ ಸುಮಾರು 70–80 ಲಕ್ಷ ವರ್ಷಗಳಾದವು ಎನ್ನುತ್ತಾರೆ. ಕೊಡಲಿ ಹಿಡಿದ ಮನುಷ್ಯ ಇನ್ನೂ ಹುಟ್ಟಿರಲೇ ಇಲ್ಲ.

ಕೃಷ್ಣಮೃಗವನ್ನು ನೋಡಿ. ಉತ್ತರ ಕರ್ನಾಟಕದಲ್ಲಿ ಚಿಗರಿ ಎನ್ನುತ್ತಾರೆ. ಅದು ಪೊದೆಯಲ್ಲಿ ಅಡಗಿ ಬದುಕುವ ಪ್ರಾಣಿಯಲ್ಲ. ಬಯಲಿನಲ್ಲಿ ದೂರದಿಂದಲೇ ಅಪಾಯ ಕಂಡು ಓಡುವ ಪ್ರಾಣಿ. ಓಟದ ವೇಗ ಗಂಟೆಗೆ 80 ಕಿಲೋಮೀಟರ್ ಮುಟ್ಟುತ್ತದೆ. ಮರಗಳ ನಡುವೆ ಆ ಕಣ್ಣಿಗೂ ಆ ಕಾಲಿಗೂ ಕೆಲಸವಿಲ್ಲ. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗಕ್ಕಾಗಿ ಅಭಯಾರಣ್ಯವೆಂದು ಘೋಷಿಸಲಾಯಿತು. ಆದರೆ ಅದರ ದೊಡ್ಡ ಭಾಗ ನೀಲಗಿರಿ ನೆಡುತೋಪು! ಒಂದು ಕಾಲಕ್ಕೆ ಅಲ್ಲಿ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ ಇತ್ತು. ಈಗ ಇಲ್ಲ. ಒಂದು ಹಕ್ಕಿ ವನ್ಯಜೀವಿಗಳಿಗೆಂದೇ ಕಾದಿಟ್ಟ ನೆಲದಿಂದ ಹೊರಟುಹೋಯಿತೆಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎರ್ಲಡ್ಡುವಿನ ಕಥೆ ಇಡೀ ದೇಶದಲ್ಲೂ ಹೀಗೆಯೇ. ಗಂಡು 15 ಕಿಲೋ ತನಕ ತೂಗಬಲ್ಲದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲಿಡುತ್ತದೆ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ನೇರ ಮುಂದಿನದು ಸರಿಯಾಗಿ ಕಾಣದು. ಹಾರುವಾಗ ವಿದ್ಯುತ್ ತಂತಿ ಕಂಡರೂ ಭಾರದ ದೇಹ ತಕ್ಷಣ ಹೊರಳದು. ದೇಶದಲ್ಲಿ ಉಳಿದಿರುವುದು ಸುಮಾರು 150 ಎಂದು ಅಂದಾಜು, ಬಹುಪಾಲು ರಾಜಸ್ಥಾನದ ಜೈಸಲ್ಮೇರಿನಲ್ಲಿ. ನಮ್ಮಲ್ಲಿ ಬಳ್ಳಾರಿಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡಿವೆ. ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿ, ಗೌಜಲಹಕ್ಕಿ, ಟಿಟ್ಟಿಭಗಳಿಗೂ ಮರ ಬಂದರೆ ಕೇಡು. ಕಾಗೆ, ಗಿಡುಗಗಳು ಕೂತು ಮೊಟ್ಟೆಮರಿಗಳನ್ನು ಹೊಂಚುಹಾಕಲು ಅದು ಎತ್ತರದ ಜಾಗವಾಗುತ್ತದೆ.

ತೋಳದ ಸಂಗತಿ ಇನ್ನೂ ತೊಡಕಿನದು. ಭಾರತದ ತೋಳ ಜಗತ್ತಿನ ತೋಳಗಳಲ್ಲೇ ಬಹಳ ಹಳೆಯ ಕವಲುಗಳಲ್ಲಿ ಒಂದೆಂದು ವಂಶವಾಹಿಗಳ ಅಧ್ಯಯನ ತೋರಿಸಿದೆ. ದೇಶದಲ್ಲಿ ಅವು ಸುಮಾರು 3,100 ಇರಬಹುದು. 2022ರ ಗಣತಿಯಲ್ಲಿ ಹುಲಿಗಳೇ 3,682. ಆದರೂ ಹುಲಿಗೆ ಸಿಕ್ಕ ಕಾಳಜಿಯಲ್ಲಿ ತೋಳಕ್ಕೆ ಒಂದು ಚೂರೂ ಸಿಕ್ಕಿಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಇತ್ತೀಚೆಗೆ 332 ಎಕರೆಯ ತೋಳಧಾಮ ಆಗಿದೆ, ಅದು ಸಂತೋಷದ ಸಂಗತಿ. ಆದರೆ 332 ಎಕರೆ ಎಂದರೆ ಒಂದೂಕಾಲು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ತೋಳಗಳ ಒಂದು ಗುಂಪು ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ತಿರುಗಾಡುತ್ತದೆ. ಅದರ ಬದುಕು ಬೇಲಿಯೊಳಗಿನದಲ್ಲ. ಹೊಲ, ಗೋಮಾಳ, ಗುಡ್ಡ, ಕಾವಲುಗಳ ನಡುವಿನದು, ಕುರಿಗಾಹಿಗಳ ಜೊತೆಗಿನದು. ತೋಳಕ್ಕೆ ಕುರಿ ಕಳೆದುಕೊಂಡವನಿಗೆ ತಡವಿಲ್ಲದೆ, ಕಚೇರಿ ಅಲೆಸದೆ ಪರಿಹಾರ ಕೊಡುವುದೇ ತೋಳ ಉಳಿಸುವ ಮೊದಲ ಕೆಲಸವೆಂದು ನಾನು ಭಾವಿಸುತ್ತೇನೆ.

ಕುರಿಗಾಹಿ ಮತ್ತು ದನಗಾಹಿಯನ್ನು ಹೊರಗಟ್ಟಿದರೆ ಹುಲ್ಲುಗಾವಲು ಉಳಿಯುತ್ತದೆ ಎಂಬುದೂ ತಪ್ಪು ಲೆಕ್ಕ. ಅತಿಯಾಗಿ ಮೇಯಿಸಿದರೆ ಹಾಳು, ಮೇಯಿಸದೇ ಬಿಟ್ಟರೂ ಪೊದೆ ಮೇಲೆದ್ದು ಹುಲ್ಲು ಹಿಂದೆ ಸರಿಯುತ್ತದೆ. ಇದನ್ನು ಹಳೇ ಮೈಸೂರಿನವರು ಚೆನ್ನಾಗಿ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕುವ ಸರ್ಕಾರಿ ವ್ಯವಸ್ಥೆ ಅದು. ಅದರ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಹಿಂಡುಗಳನ್ನು ಅಟ್ಟುತ್ತಿದ್ದರು. ಒಂದು ಕಡೆ ಮೇದ ಹುಲ್ಲಿಗೆ ಚಿಗುರಲು ಸಮಯ ಸಿಗುತ್ತಿತ್ತು. ಬಯಲುಸೀಮೆಯಲ್ಲಿ ಇಷ್ಟಾದರೂ ಹುಲ್ಲು ಉಳಿದಿದ್ದರೆ ಅದಕ್ಕೆ ಈ ಕಾವಲುಗಳೇ ಮುಖ್ಯ ಕಾರಣ.

ಆದರೆ ಪಹಣಿಯಲ್ಲಿ ಮರವಿಲ್ಲದ, ಕಂದಾಯ ಬಾರದ ನೆಲ ಖರಾಬು. ಸರ್ಕಾರದ ನಕ್ಷೆಗಳಲ್ಲಿ ಪಾಳುಭೂಮಿ. ಪರಿಸರ ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಉಪಗ್ರಹ ಚಿತ್ರಗಳಿಂದ ದೇಶದ ಇಂಥ ತೆರೆದ ಬಯಲುಗಳ ನಕ್ಷೆ ಮಾಡಿದ್ದಾರೆ. ದೇಶದ ನೆಲದಲ್ಲಿ ಇವುಗಳ ಪಾಲು ಸುಮಾರು ಶೇ. 10. ಅದರಲ್ಲಿ ಸಂರಕ್ಷಿತ ಪ್ರದೇಶದೊಳಗೆ ಇರುವುದು ಶೇ. 5ಕ್ಕೂ ಕಡಿಮೆ, ಪಾಳೆಂದು ದಾಖಲಾಗಿರುವುದು ಶೇ. 70ರಷ್ಟು. ಪಾಳೆಂದ ಮೇಲೆ ಕೊಡಲು ಅಡ್ಡಿಯೇನು? ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ದನ ಕುರಿ ಮೇಯಿಸಿಕೊಂಡಿದ್ದ ಸುತ್ತಲ ಹಳ್ಳಿಗಳ ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಆ ಸಂಸ್ಥೆಗಳ ಕೆಲಸ ದೇಶಕ್ಕೆ ಬೇಕಾದುದೇ. ಆದರೆ ಅಲ್ಲಿದ್ದುದು ಖಾಲಿ ಜಾಗವಲ್ಲ.

ಕೊಟ್ಟ ನೆಲದ ಮಾತು ಹಾಗಾದರೆ, ಉಳಿದದ್ದನ್ನು ಒಳಗಿನಿಂದ ತಿನ್ನುತ್ತಿರುವುದು ಬಳ್ಳಾರಿ ಜಾಲಿ. 1870ರ ದಶಕದಲ್ಲಿ ಹೊರದೇಶದಿಂದ ತಂದು ನೆಟ್ಟ ಮುಳ್ಳುಮರ ಅದು. ಕಾಯಿ ತಿಂದ ದನ ಹೋದಲ್ಲೆಲ್ಲ ಸಗಣಿಯಲ್ಲಿ ಬೀಜ ಬೀಳುತ್ತದೆ, ಕಡಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುತ್ತದೆ. ಸೌದೆಗಾಗಿ ಅದನ್ನು ನೆಚ್ಚಿಕೊಂಡ ಬಡವರೂ ಇದ್ದಾರೆ, ಆದ್ದರಿಂದ ಕಿತ್ತೆಸೆಯಿರಿ ಎಂದು ಹೇಳಿ ಮುಗಿಸುವಂತಿಲ್ಲ.

ಇಂಗಾಲ ಹಿಡಿಯಲು ಮರ ಬೇಡವೇ ಎಂದು ಕೇಳುವವರಿದ್ದಾರೆ. ಮರ ತನ್ನ ಇಂಗಾಲದ ದೊಡ್ಡ ಪಾಲನ್ನು ನೆಲದ ಮೇಲೆ, ಕಾಂಡ ಕೊಂಬೆಗಳಲ್ಲಿ ಇಡುತ್ತದೆ. ಬರ ಬಂದರೆ, ಬೆಂಕಿ ಬಿದ್ದರೆ ಅದು ಗಾಳಿಗೆ ಮರಳುತ್ತದೆ. ಹುಲ್ಲುಗಾವಲಿನ ಇಂಗಾಲದ ಹೆಚ್ಚಿನ ಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಮೇಲಿನದು ಸುಟ್ಟರೂ ಕೆಳಗಿನದು ಉಳಿಯುತ್ತದೆ. ಸಸಿಗಾಗಿ ಯಂತ್ರದಲ್ಲಿ ಟ್ರೆಂಚು ತೆಗೆದಾಗ ನಾವು ಕದಡುವುದು ಅದೇ ಮಣ್ಣನ್ನು.

ಒಳ್ಳೆಯ ಸುದ್ದಿಗಳೂ ಇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗದ ನೆಲೆ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಆಯಿತು, 2011ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತ ಮಹಲ್ ಕಾವಲೂ ಆಯಿತು. ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ಮಲಗುವುದು ಮರದ ಮೇಲಲ್ಲ, ಇಂಥ ಬಯಲಿನ ಹುಲ್ಲಿನ ನಡುವೆ ನೆಲದ ಮೇಲೆ. ಹಗಲಲ್ಲಿ ಅವು ಹಿಡಿದು ತಿನ್ನುವ ಮಿಡತೆಗಳ ಲೆಕ್ಕವನ್ನು ರೈತರು ಗಮನಿಸಬೇಕು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಬರೆದಿಡಬೇಕು. ಅದರಲ್ಲಿ ಮರಗಳ ಪಟ್ಟಿಯ ಜೊತೆ ಗೋಮಾಳದ ಹುಲ್ಲುಗಳ ಹೆಸರೂ ಬರಲಿ. ಅವು ಯಾವ ತಿಂಗಳು ಚಿಗುರುತ್ತವೆ, ಯಾವುದು ಯಾವ ದನಕ್ಕೆ ಒಗ್ಗುತ್ತದೆ ಎಂಬುದು ಊರಿನ ಹಿರಿಯ ಕುರಿಗಾಹಿಗಳಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಬರೆಸಬೇಕು. ಸಸಿ ನೆಡುವ ಆಸೆಯಿದ್ದವರಿಗೆ ಜಾಗ ಬೇಕಾದಷ್ಟಿದೆ: ಹೊಲದ ಬದು, ಶಾಲೆಯ ಅಂಗಳ, ರಸ್ತೆಯ ಬದಿ, ಮರ ಕಡಿದು ಬರಿದಾದ ಕಾಡಿನಂಚು.