ದೆಹಲಿಯ ಗದ್ದುಗೆ, ಕಲಬುರಗಿಯ ತೊಗರಿ

ದೇಶದ ಚುಕ್ಕಾಣಿ ಹೊಸಬರ ಕೈಗೆ ಹೋದೊಡನೆ ಹವಾಮಾನ ನೀತಿ ಬುಡಮೇಲಾಗುತ್ತದೆ ಎಂಬುದು ವ್ಯಾಪಕ ನಂಬಿಕೆ. ಭೂಮಿಯ ಬಿಸಿಯೇರಿಸುವ ಅನಿಲಗಳನ್ನು ತಗ್ಗಿಸಲು, ಬದಲಾದ ಮಳೆ-ಬಿಸಿಲಿಗೆ ಜನರನ್ನು ಸಜ್ಜುಗೊಳಿಸಲು ಸರ್ಕಾರ ಕೈಗೊಳ್ಳುವ ಕ್ರಮಗಳೆಲ್ಲ ಸೇರಿ ಈ ನೀತಿಯಾಗುತ್ತವೆ. ಭಾರತದ ಅನುಭವ ಆ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಮನಮೋಹನ್ ಸಿಂಗ್ ಸರ್ಕಾರ 2008ರ ಜೂನ್ 30ರಂದು ಪ್ರಕಟಿಸಿದ ರಾಷ್ಟ್ರೀಯ ಹವಾಮಾನ ಕ್ರಿಯಾ ಯೋಜನೆಯನ್ನು 2014ರಲ್ಲಿ ಅಧಿಕಾರಕ್ಕೆ ಬಂದ ನರೇಂದ್ರ ಮೋದಿ ಸರ್ಕಾರ ಕೈಬಿಡಲಿಲ್ಲ. ಬದಲಿಗೆ, ಅದರ ಅಂಗವಾದ ಸೌರ ಮಿಷನ್ 2022ಕ್ಕೆ ಇಟ್ಟುಕೊಂಡಿದ್ದ 20 ಸಾವಿರ ಮೆಗಾವಾಟ್ ಗುರಿಯನ್ನು 2015ರಲ್ಲಿ 1 ಲಕ್ಷಕ್ಕೆ ಏರಿಸಿತು. ಆ ಗುರಿ ಹೇಳಿದ ಗಡುವಿಗೆ ಕೈಗೂಡಲಿಲ್ಲ ಎಂಬುದು ಬೇರೆ ಮಾತು.

ಈ ನಂಬಿಕೆಗೆ ನೀರೆರೆದದ್ದು ಬಹುಶಃ ಅಮೆರಿಕದ ಸುದ್ದಿಗಳು. ಹವಾಮಾನ ಕುರಿತ ಜಾಗತಿಕ ಪ್ಯಾರಿಸ್ ಒಪ್ಪಂದದಿಂದ ಹೊರನಡೆಯುವುದಾಗಿ ಡೊನಾಲ್ಡ್ ಟ್ರಂಪ್ 2017ರ ಜೂನ್‌ನಲ್ಲಿ ಘೋಷಿಸಿದರೂ, ಒಪ್ಪಂದದ ನಿಯಮಗಳಿಂದಾಗಿ ಅದು ಜಾರಿಯಾದದ್ದು 2020ರ ನವೆಂಬರ್ 4ರಂದು. ಮರುವರ್ಷ ಫೆಬ್ರುವರಿಯಲ್ಲಿ ಜೋ ಬೈಡನ್ ಅವಧಿಯಲ್ಲಿ ದೇಶ ಮರಳಿ ಸೇರಿತು. 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಹೊರನಡೆಯುವ ಆದೇಶಕ್ಕೆ ಸಹಿ ಹಾಕಿದರು. ಆದರೆ 2022ರಲ್ಲಿ ಕಾಯ್ದೆಯ ರೂಪ ಪಡೆದಿದ್ದ ಶುದ್ಧ ಇಂಧನದ ತೆರಿಗೆ ರಿಯಾಯಿತಿಗಳನ್ನು ಮೊಟಕುಗೊಳಿಸಲು ಅವರಿಗೂ ಸಂಸತ್ತಿನ ಮತ ಬೇಕಾಯಿತು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಕಲ್ಪನೆಯೊಂದಿದೆ: ಇವೆಲ್ಲ ದೆಹಲಿ, ಪ್ಯಾರಿಸ್‌ಗಳ ಮಾತು, ಖುಷ್ಕಿ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು. ತೊಗರಿಯ ಕಣಜವೆನಿಸಿದ ಕಲಬುರಗಿಯ ಮಟ್ಟಿಗೆ ಇದು ಹೆಚ್ಚು ಅಪಾಯಕಾರಿ. ಇಲ್ಲಿನ ತೊಗರಿ ಬಹುಪಾಲು ಮಳೆಯನ್ನೇ ನಂಬಿದ ಬೆಳೆಯಾದ್ದರಿಂದ, ಮುಂಗಾರು ಕೈಕೊಟ್ಟರೂ ಅತಿಯಾದರೂ ರೈತನಿಗೆ ಉಳಿಯುವ ಆಸರೆಗಳಲ್ಲಿ ಬೆಳೆ ವಿಮೆ ಒಂದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ವಿಮಾ ಮೊತ್ತದ ಶೇ 2ರಷ್ಟು ಕಂತು ಕಟ್ಟಿದರೆ, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸಮನಾಗಿ ಭರಿಸುತ್ತಿದ್ದವು. 2020ರ ಮುಂಗಾರಿನಿಂದ, ಕಂಪನಿ ಕೇಳುವ ಕಂತಿನ ದರ ಮಳೆಯಾಶ್ರಿತ ಪ್ರದೇಶದಲ್ಲಿ ಶೇ 30ನ್ನು, ನೀರಾವರಿ ಪ್ರದೇಶದಲ್ಲಿ ಶೇ 25ನ್ನು ಮೀರಿದರೆ, ಮೀರಿದ ಭಾಗಕ್ಕೆ ಕೇಂದ್ರದ ಸಹಾಯಧನವಿಲ್ಲ ಎಂದಾಯಿತು. ಆಗ ಪ್ರಧಾನಿ ಬದಲಾಗಿರಲಿಲ್ಲ, ಹೊಸ ಕಾಯ್ದೆಯೂ ಬಂದಿರಲಿಲ್ಲ. ಸಚಿವ ಸಂಪುಟದ ತೀರ್ಮಾನವೇ ಸಾಕಾಯಿತು. ನಾಯಕರ ಭಾಷಣಕ್ಕಿಂತ ಇಂಥ ಮಾರ್ಗಸೂಚಿಗಳನ್ನೇ ಗಮನವಿಟ್ಟು ಓದಬೇಕಾಗಿರುವುದು ಇದರಿಂದಾಗಿಯೇ.

ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಒಂದು ಸ್ಥಳಕ್ಕೇ ಸೇರಿದ ವಿಶಿಷ್ಟ ಉತ್ಪನ್ನವೆಂಬ ಕಾನೂನಿನ ಮನ್ನಣೆ, ಪಡೆದಿರುವ ಇದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯ ಸ್ಥಿತಿ ಬೇರೆ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುವ ಈ ಬೆಳೆ ಈ ಸೀಮೆಯ ಒಂದು ಪೂರ್ಣ ಬೇಸಿಗೆಯನ್ನಾದರೂ ನೀರುಂಡೇ ದಾಟಬೇಕು. ಆ ನೀರಿನ ವಿಚಾರದಲ್ಲಿ ಪ್ರಧಾನಿಯೇ ಸರ್ವಾಧಿಕಾರಿ ಎಂದುಕೊಳ್ಳುವುದು ಮೂರನೆಯ ತಪ್ಪು. ಸಂವಿಧಾನದ ಏಳನೇ ಅನುಸೂಚಿಯಂತೆ ಕೃಷಿ ಮತ್ತು ನೀರು ರಾಜ್ಯಗಳ ಪಟ್ಟಿಯಲ್ಲಿವೆ. ನೀರೆತ್ತುವ ಪಂಪಿಗೆ ಬೇಕಾದ ವಿದ್ಯುತ್ತು ಕೇಂದ್ರ, ರಾಜ್ಯಗಳೆರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ.

ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಮೇಲೆ ಮಾತ್ರ ಕೇಂದ್ರದ ಹಿಡಿತ ಬಲವಾದದ್ದು. ಕಲ್ಲಿದ್ದಲು ಉರಿಯುವುದರಿಂದಷ್ಟೇ ಅಲ್ಲದೆ, ಸುಣ್ಣದಕಲ್ಲು ಕಾದು ಒಡೆಯುವಾಗಲೂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಸೌರಶಕ್ತಿಯೊಂದೇ ಈ ಉದ್ಯಮಕ್ಕೆ ಪರಿಹಾರವಾಗದು. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆ ಪ್ರಕಟವಾಗಿದೆ. ನಿಗದಿತ ಮಿತಿಗಿಂತ ಕಡಿಮೆ ಅನಿಲ ಬಿಡುವ ಕಾರ್ಖಾನೆ ಆ ಉಳಿತಾಯವನ್ನು ಮಾರಬಹುದು, ಮಿತಿ ಮೀರಿದ್ದು ಕೊಳ್ಳಬೇಕು ಎಂಬುದು ಅದರ ಕ್ರಮ. ವಾಡಿ, ಸೇಡಂಗಳ ಸುಡುಗೂಡುಗಳಿಗೆ ಅನ್ವಯಿಸುವ ಇಂಥ ಮಿತಿಗಳನ್ನು ಹೊಸ ಸರ್ಕಾರವೊಂದು ಅಧಿಸೂಚನೆಯ ಮೂಲಕವೇ ಬಿಗಿಗೊಳಿಸಬಹುದು, ಸಡಿಲಿಸಲೂಬಹುದು. ಆದರೆ ಕಮಲಾಪುರದ ತೋಟದ ಪಂಪ್‌ಸೆಟ್ಟಿಗೆ ಯಾವ ಹೊತ್ತಿನಲ್ಲಿ ಕರೆಂಟ್ ಬರಬೇಕೆಂಬ ತೀರ್ಮಾನ ರಾಜ್ಯ ಸರ್ಕಾರ ಮತ್ತು ಈ ಭಾಗದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಕೈಯಲ್ಲೇ ಇರುತ್ತದೆ.