ಬಾಂಬೆ ಬೀದಿಯ ಹಿತ್ತಿಲ ಗೋಡೆ

ಬಾಂಬೆ ಸ್ಟ್ರೀಟ್, ಅದರ ಪಕ್ಕದಲ್ಲೇ ಕಾಶ್ಮೀರ್ ರೋಡ್! ಈ ಹೆಸರುಗಳನ್ನು ನಾನು ಓದಿದ್ದು ನಮ್ಮ ದೇಶದಲ್ಲಲ್ಲ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಬ್ರಿಟಿಷ್ ಸಾಮ್ರಾಜ್ಯದ ಕಾಲದ ಹೆಸರುಗಳು ಹಾಗೇ ಉಳಿದುಕೊಂಡಿವೆ.

"ಅಜ್ಜ, ಈ ಮನೆಗಳ ಹಿತ್ತಿಲಿಗೆ ಪಂಜರ ಯಾಕೆ ಹಾಕಿದ್ದಾರೆ?" ಎಂದು ಜೊತೆಗಿದ್ದ ಮೊಮ್ಮಗಳು ಕೇಳಿದಳು. ಮಕ್ಕಳೇ, ಅದು ಕಳ್ಳರಿಗಾಗಿ ಅಲ್ಲ. ಹಿಂದಿನ ಗೋಡೆಯ ಆಚೆಯಿಂದ ಬಂದು ಬೀಳುವ ಕಲ್ಲು, ಬಾಟಲಿಗಳನ್ನು ತಡೆಯಲು ಹಾಕಿದ ತಂತಿಬಲೆ.

ಗೋಡೆಯ ಈಚೆ ಕ್ಯಾಥೊಲಿಕರು, ಆಚೆ ಪ್ರಾಟೆಸ್ಟೆಂಟರು. ಇಬ್ಬರೂ ಕ್ರೈಸ್ತರೇ, ಇಬ್ಬರ ಮನೆಯಲ್ಲೂ ಕ್ರಿಸ್‌ಮಸ್ ಇದೆ. ಆದರೆ ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಬ್ರಿಟನ್ನಿನ ಜೊತೆ ಇರುವ ಆಸೆ, ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಐರ್ಲೆಂಡನ್ನು ಸೇರುವ ಆಸೆ. ಕೆಲಸ, ಮನೆ, ಮತದ ಹಕ್ಕುಗಳಲ್ಲಿ ತಮಗೆ ಅನ್ಯಾಯವಾಗಿದೆ ಎಂಬ ಕ್ಯಾಥೊಲಿಕರ ದೂರೂ ಹಳೆಯದು. 1969ರ ಆಗಸ್ಟ್‌ನಲ್ಲಿ ಗಲಭೆ ಹೊತ್ತಿಕೊಂಡಾಗ ಬಾಂಬೆ ಸ್ಟ್ರೀಟಿನ ಮನೆಗಳು ಸುಟ್ಟುಹೋದವು. ಸೆಪ್ಟೆಂಬರಿನಲ್ಲಿ ಸೈನಿಕರು ಬಂದು ಮುಳ್ಳುತಂತಿ ಎಳೆದರು. ಎಲ್ಲ ತಾತ್ಕಾಲಿಕ, ಬೇಗ ತೆಗೆಯುತ್ತೇವೆ ಎಂದರು.

ಆ ತಂತಿಯ ಜಾಗದಲ್ಲಿ ಕಾಂಕ್ರೀಟ್ ಬಂತು, ಅದರ ಮೇಲೆ ತಗಡು, ತಗಡಿನ ಮೇಲೆ ಜಾಲರಿ. ಈಗ ಅದು ಮೂರಂತಸ್ತಿನ ಮನೆಗಿಂತ ಎತ್ತರ. ಬರ್ಲಿನ್ ಗೋಡೆ ನಿಂತದ್ದು 28 ವರ್ಷ. ಇದು ಐವತ್ತು ದಾಟಿದೆ. ಇದಕ್ಕೆ 'ಶಾಂತಿ ಗೋಡೆ' ಎಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು! ಪ್ರವಾಸಿಗರು ಪೆನ್ನು ಹಿಡಿದು ಅದರ ಮೇಲೆ ಹೆಸರು ಬರೆಯುತ್ತಾರೆ. ಪಕ್ಕದ ರಸ್ತೆಯಲ್ಲಿ ದೊಡ್ಡ ಗೇಟು; ರಾತ್ರಿಯಾದರೆ ಅದಕ್ಕೆ ಬೀಗ.

3,500ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡ ಈ ಕಲಹ 1998ರ ಒಪ್ಪಂದದಿಂದ ಬಹುಮಟ್ಟಿಗೆ ನಿಂತಿತು. ಗೋಡೆಗಳು ಮಾತ್ರ ನಿಲ್ಲಲಿಲ್ಲ, ಒಪ್ಪಂದದ ನಂತರವೂ ಕೆಲವು ಎದ್ದವು. ಅಲೆಕ್ಸಾಂಡ್ರಾ ಪಾರ್ಕ್ ಎಂಬ ಉದ್ಯಾನವನ್ನೇ 1994ರಲ್ಲಿ ತಗಡಿನ ಗೋಡೆ ಎರಡು ಹೋಳು ಮಾಡಿತು. ಅದರಲ್ಲೊಂದು ಬಾಗಿಲು ತೆರೆಯಲು 2011 ಬರಬೇಕಾಯಿತು, ಅದೂ ಹಗಲು ಹೊತ್ತಿಗೆ ಮಾತ್ರ.

ಹೆಚ್ಚಿನ ಮಕ್ಕಳ ಶಾಲೆಗಳೂ ಬೇರೆ ಬೇರೆ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಬೇಕೆಂದು ಕೆಲವು ಹೆತ್ತವರು 1981ರಲ್ಲಿ ಲಗಾನ್ ಕಾಲೇಜ್ ಎಂಬ ಶಾಲೆ ತೆರೆದಾಗ ಬಂದ ಮಕ್ಕಳು 28. ಇಂದು ಅಂಥ ಶಾಲೆಗಳು ಹತ್ತಾರು ಇವೆ.

2023ರೊಳಗೆ ಎಲ್ಲ ಗೋಡೆಗಳನ್ನೂ ಕೆಡವುತ್ತೇವೆ ಎಂದು ಸರ್ಕಾರ 2013ರಲ್ಲಿ ಹೇಳಿತ್ತು. ಆ ಗಡುವು ಮುಗಿದುಹೋಗಿದೆ. "ಬುಲ್ಡೋಜರ್ ತಂದರೆ ಆಯ್ತಲ್ಲ ಅಜ್ಜ" ಎಂದಳು ಮೊಮ್ಮಗಳು. ಹಾಗಾಗುವುದಿಲ್ಲ. ಗೋಡೆಗೆ ಅಂಟಿಕೊಂಡು ಬದುಕುವವರಿಗೆ ರಾತ್ರಿ ನಿದ್ದೆ ಬರಬೇಕಲ್ಲ? ಅದಕ್ಕೇ ಅಕ್ಕಪಕ್ಕದ ಮನೆಯವರ ಒಪ್ಪಿಗೆ ಸಿಕ್ಕ ಮೇಲೆಯೇ ಕೆಡವುವುದು. 2016ರಲ್ಲಿ ಕ್ರಮ್ಲಿನ್ ರಸ್ತೆಯ ಗೋಡೆಯೊಂದು ಹಾಗೆಯೇ ಹೋಯಿತು. ಉಳಿದ ಕಡೆ ಮನೆಮನೆಯ ಮಾತುಕತೆ ಇನ್ನೂ ನಡೆಯುತ್ತಿದೆ.